ಆದಮ್ಮ ಹಿಂದಕ್ಕೆ ನಡೆಯಲು ಕಲಿತದ್ದು

ಹದಿನಾರು ವರ್ಷದ ಆದಮ್ಮ ಚೇಳನ್ನು ಬಾಲ ಹಿಡಿದು ಎತ್ತಬಲ್ಲಳು; ಕಪ್ಪೆ ಕಂಡರೆ ಮಾತ್ರ ಅವಳ ಜೀವ ಬಾಯಿಗೆ ಬರುತ್ತಿತ್ತು. ಅವಳ ತಪ್ಪೇನೂ ಇಲ್ಲ. ಹುಟ್ಟಿ ಬೆಳೆದದ್ದು ಲಿಂಗಸುಗೂರಿನ ಆಚೆಯ ಕಲ್ಲುಹೊಲಗಳಲ್ಲಿ. ಅಲ್ಲಿ ಯಾವ ಕಲ್ಲು ಎತ್ತಿದರೂ ಚೇಳು. ಕಪ್ಪೆಯೆಂಬುದು ಮಳೆಗಾಲದಲ್ಲಿ ನಾಲ್ಕು ದಿನ ಒದರಿ ಹೋಗುವ ನೆಂಟ.

೧೯೮೬ರ ಶ್ರಾವಣದಲ್ಲಿ ತಾಯಿಯೊಂದಿಗೆ ಅವಳು ಸೋದರಮಾವ ಮುದುಕಪ್ಪನ ಊರು ಜವಳಗೇರಾಕ್ಕೆ ಬಂದಳು, ಇನ್ನು ಅಲ್ಲೇ ಇರಲು. ಏಳನೇ ಕ್ಲಾಸು ಪಾಸಾದವಳು, ಸುಮ್ಮನೆ ಬಂದಾಳೇ? ಮಸ್ಕಿಯಲ್ಲಿ ಬಸ್ಸು ನಿಂತಾಗ ಒಂದು ನೋಟುಬುಕ್ಕು ಕೊಂಡು, ಸಿಂಧನೂರು ಬರುವಷ್ಟರಲ್ಲಿ ಕುಲುಕುವ ಅಕ್ಷರಗಳಲ್ಲಿ 'ಈ ವರ್ಷ ಕಲಿಯತಕ್ಕದ್ದು' ಎಂದು ಸರ್ಕಾರಿ ಆದೇಶದ ಧಾಟಿಯಲ್ಲಿ ಬರೆದಳು. ನೆಲ್ಲು ನಾಟಿ, ಸೈಕಲ್ಲು, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರು ಬೈದರೆ ತಿರುಗಿ ಬೈಯುವಷ್ಟು ತೆಲುಗು. ನಾಲ್ಕನೆಯದಕ್ಕೆ 'ಕ' ಎಂದು ಬರೆದು ನಿಲ್ಲಿಸಿದಳು. ಆ ಪ್ರಾಣಿಯ ಹೆಸರು ಬರೆಯಲೂ ಕಾಲ್ಬೆರಳು ಮುದುರುತ್ತಿದ್ದವು.

"ಗಿರಿಯಮ್ಮನ ಗುಂಪಿನ್ಯಾಗ ಜಾಗ ಸಿಕ್ರ ನೀ ಈ ಊರಾಕಿ ಆದಂಗ," ಎಂದ ಮುದುಕಪ್ಪ. "ಇಲ್ಲಾಂದ್ರ ಎಷ್ಟು ವರ್ಷ ಇದ್ರೂ ನೀ ಬೀಗರ ಪೈಕಿನೇ."

ಗಿರಿಯಮ್ಮ ನಾಟಿ ಹೆಂಗಸರ ಮೇಸ್ತ್ರಿ. ತನ್ನ ಸಾಲಿನ ಬಗ್ಗೆ ಅವಳಿಗೆ ಅಪಾರ ಗೌರವ. "ನಾ ಹಚ್ಚಿದ ಸಾಲು ನೋಡೇ ಇಂಜಿನೇರರು ಕಾಲುವಿ ತೋಡ್ಯಾರ," ಎನ್ನುತ್ತಿದ್ದಳು. ಕಾಲುವೆ ತೋಡಿದಾಗ ಅವಳಿಗೆ ಎಷ್ಟು ವಯಸ್ಸು ಎಂದು ಯಾರೂ ಕೇಳುತ್ತಿರಲಿಲ್ಲ.

ಮೊದಲ ದಿನವೇ ಆದಮ್ಮ ಎಡವಟ್ಟು ಮಾಡಿದಳು. ಕೂರಿಗೆಯ ಹಿಂದೆ ಬೀಜ ಬಿಡುತ್ತ ಮುಂದಕ್ಕೆ ನಡೆದವಳು ಗದ್ದೆಯಲ್ಲೂ ಸಸಿ ಹಚ್ಚುತ್ತ ಮುಂದಕ್ಕೇ ನಡೆದಳು. ಹಚ್ಚಿದ್ದನ್ನೆಲ್ಲ ತಾನೇ ತುಳಿದು ಕೆಸರಿಗೆ ಸೇರಿಸಿದಳು.

"ಹಿಂದಕ್ಕ ನಡಿಯಬೇ, ಹಿಂದಕ್ಕ!" ಗಿರಿಯಮ್ಮ ಕೂಗಿದಳು. "ನಾಟಿ ಹಚ್ಚಾಕ ಬಂದೀಯೋ, ರಾಶಿ ತುಳಿಯಾಕ ಬಂದೀಯೋ? ಶುಕ್ರವಾರತನಕ ನೋಡ್ತೀನಿ. ಆಮ್ಯಾಲೆ ನಿನ್ನ ದಾರಿ ನಿನಗ."

ಮರುದಿನದಿಂದ ಜವಳಗೇರಾದ ಓಣಿಯಲ್ಲಿ ಬೆಳಗಾಗೆದ್ದು ಒಬ್ಬ ಹುಡುಗಿ ಸೊಂಟ ಬಗ್ಗಿಸಿ, ಧೂಳಿನಲ್ಲಿ ಬೇವಿನ ಕಡ್ಡಿ ಚುಚ್ಚುತ್ತ ಹಿಂದಕ್ಕೆ ನಡೆಯುತ್ತಿದ್ದಳು. ಮುದುಕಪ್ಪ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುತ್ತ ಸಲಹೆ ಕೊಡುತ್ತಿದ್ದ. ನಾಟಿಯನ್ನು ಅವನು ಇಪ್ಪತ್ತು ವರ್ಷಗಳಿಂದ ಗದ್ದೆಯ ಒಡ್ಡಿನ ಮೇಲೆ ನಿಂತೇ ಬಲ್ಲವನು. ಮೂರನೆಯ ದಿನ ಅವಳು ನನ್ನೇಸಾಬನ ಸೈಕಲ್ ಅಂಗಡಿಯವರೆಗೂ ಹಿಂದಕ್ಕೆ ಹೋದಳು. ಸಾಲಾಗಿ ನಿಲ್ಲಿಸಿದ್ದ ಐದು ಸೈಕಲ್ಲುಗಳು ಒಂದರ ಮೇಲೊಂದು ಒರಗಿದವು.

"ಏನವ್ವಾ, ಸೈಕಲ್ ಹೊಡಿಯಾಕ ಬಂದೀಯೋ, ಮಲಗಿಸಾಕ ಬಂದೀಯೋ?" ಎಂದ ನನ್ನೇಸಾಬ.

ಸಂಜೆ ಆದಮ್ಮ ಬರೆದಳು: 'ಸೈಕಲ್ಲು. ಪರಿಚಯವಾಯಿತು.'

ಶುಕ್ರವಾರ ಬಂತು. ಬೆಳಗಿನಿಂದ ಅವಳ ಸಾಲು ನೆಟ್ಟಗಿತ್ತು. ಗಿರಿಯಮ್ಮ ಎರಡು ಸಲ ನೋಡಿ ಏನೂ ಅನ್ನಲಿಲ್ಲ. ಅವಳ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ. ಊಟಕ್ಕೆ ಮೊದಲು ಇನ್ನು ಹತ್ತು ಮಾರು ಹಚ್ಚುವುದಿದ್ದಾಗ ಹಿಂದಿನಿಂದ ಒಂದು ಕಪ್ಪೆ ಜಿಗಿದು ಆದಮ್ಮನ ಮೀನಖಂಡದ ಮೇಲೆ ಕುಳಿತಿತು. "ಯವ್ವಾ!" ಎಂದು ಅವಳು ಮುಂದಕ್ಕೆ ಹಾರಿದಳು. ನಾಲ್ಕು ಸಾಲು ಮಣ್ಣುಪಾಲು.

"ಬುತ್ತಿ ಉಂಡು ಮನಿಗಿ ನಡಿ," ಎಂದಳು ಗಿರಿಯಮ್ಮ. ಬೈಯಲಿಲ್ಲ. ಬೈದಿದ್ದರೆ ಆದಮ್ಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಎಲ್ಲರೂ ಒಡ್ಡಿನ ಮೇಲೆ ಕುಳಿತರು. ಆದಮ್ಮ ದೂರದಲ್ಲಿ ಒಬ್ಬಳೇ ರೊಟ್ಟಿ ಮುರಿಯುತ್ತಿದ್ದಳು. ಗಿರಿಯಮ್ಮ ತನ್ನ ಬುತ್ತಿಗಂಟು ಬಿಚ್ಚಿದಳು. ರೊಟ್ಟಿಯ ಮೇಲೆ ಕೊಂಡಿ ಎತ್ತಿಕೊಂಡು ಒಂದು ಕರಿ ಚೇಳು.

ಆಮೇಲೆ ನಡೆದದ್ದನ್ನು ಗಿರಿಯಮ್ಮ ಇಂದಿಗೂ ಒಪ್ಪುವುದಿಲ್ಲ. ಅವಳೇ ಮೊದಲು ಗದ್ದೆಗೆ ಹಾರಿದ್ದು; ಹಿಂದೆಯೇ ಹನ್ನೊಂದು ಮಂದಿ ಹೆಂಗಸರು. ಹಚ್ಚಿದ ಸಸಿಯ ನಡುವೆ ಕುಣಿದಾಟವೇ ಕುಣಿದಾಟ. ಆದಮ್ಮ ಎದ್ದು ಬಂದು ಚೇಳಿನ ಬಾಲ ಹಿಡಿದೆತ್ತಿ, ಆಚೆಯ ಕಲ್ಲುಗುಂಪಿಗೆ ಒಗೆದಳು. ತಿರುಗಿ ಗದ್ದೆಯ ಸ್ಥಿತಿ ನೋಡಿ ಕೂಗಿದಳು:

"ಹಿಂದಕ್ಕ ನಡಿಯಕ್ಕಾ, ಹಿಂದಕ್ಕ! ಸಸಿ ಎಲ್ಲಾ ತುಳದ್ರೆಲ್ಲ!"

ಮೇಸ್ತ್ರಿಗೇ ಮೇಸ್ತ್ರಿಯ ಮಾತು! ಮೊದಲು ನಕ್ಕವಳು ಗುಂಪಿನ ಮೀರಾಬಿ. ಆಮೇಲೆ ಎಲ್ಲರೂ.

"ನಾ ಏನ್ ಹೆದರಿಲ್ಲ," ಎಂದಳು ಗಿರಿಯಮ್ಮ, ಮೊಣಕಾಲಿನವರೆಗೆ ಕೆಸರಾಗಿ. "ಕೆಸರು ಎಷ್ಟು ಆಳ ಐತಿ ನೋಡಾಕ ಇಳಿದಿದ್ದೆ."

ಊಟ ಮುಗಿಯಿತು. ಆದಮ್ಮ ಬುತ್ತಿ ಬಟ್ಟೆ ಜಾಡಿಸಿ ಹೊರಟಳು.

"ಏ ಲಿಂಗಸುಗೂರಾಕಿ, ಎತ್ತಾಗ ಹೊಂಟಿ? ಬಾ, ನನ್ನ ಎಡಕ್ಕ ನಿಂದ್ರು. ಕಪ್ಪಿ ನಾ ನೋಡಿಕೋತೀನಿ, ಬುತ್ತಿಗಂಟು ನೀ ನೋಡಿಕೋ."

ತುಳಿದ ಸಾಲುಗಳನ್ನೆಲ್ಲ ಮತ್ತೆ ಹಚ್ಚಿದರು. ಇಳಿಹೊತ್ತಿನಲ್ಲಿ ಇನ್ನೊಂದು ಕಪ್ಪೆ ಬಂತು, ಈ ಸಲ ಎದುರಿನಿಂದ. ಆದಮ್ಮ ಗಿರಿಯಮ್ಮನ ಮೊಣಕೈ ಹಿಡಿದು, ಕಣ್ಣು ಮುಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಕಣ್ಣು ತೆರೆದಾಗ ಸಾಲು ಕೆಟ್ಟಿರಲಿಲ್ಲ. ನಾಟಿಗೆ ಬೇಕಾದದ್ದೂ ಆ ಒಂದು ಹೆಜ್ಜೆಯೇ ತಾನೆ? ಸಸಿ ಚುಚ್ಚಿದಳು. ಇನ್ನೊಂದು ಹೆಜ್ಜೆ, ಇನ್ನೊಂದು ಸಸಿ. ಕಪ್ಪೆ ಬೇಸತ್ತು ಹೋಯಿತು.

ಸಂಜೆ ನೋಟುಬುಕ್ಕು ತೆರೆದು, ವಾರದಿಂದ ಒಂಟಿಯಾಗಿದ್ದ 'ಕ'ದ ಮುಂದೆ ಉಳಿದ ಅಕ್ಷರ ಬರೆದಳು. ಕಾಲ್ಬೆರಳು ಸ್ವಲ್ಪವೇ ಮುದುರಿದವು. ಪಕ್ಕದಲ್ಲಿ ಸೇರಿಸಿದಳು: 'ಅರ್ಧ ಕಲಿತದ್ದಾಯಿತು. ಉಳಿದರ್ಧ ಗಿರಿಯಕ್ಕನ ಕಡೆಗಿದೆ.'