ಬಿಳಿ ಗೆರೆ ಕಾಯುವ ಜೆಲ್ಲಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಹಿಂಬದಿಯ ಪ್ರಯೋಗಾಲಯದಲ್ಲಿ ಒಂದೇ ದೀಪ ಉರಿಯುತ್ತಿದೆ. ಎಲ್ಲರೂ 'ಜೆಲ್ಲಕ್ಕ' ಎಂದೇ ಕರೆಯುವ ತಂತ್ರಜ್ಞೆ ಲೋಳೆಯಂತೆ ಮೆತ್ತಗಿನ ನೀಲಿ ಬಣ್ಣದ ಜೆಲ್ ಹಾಳೆಯನ್ನು ತೊಳೆದು ಬೆಳಕಿಗೆ ಹಿಡಿಯುತ್ತಾರೆ. ಅಂಗೈಯಗಲದ ಹಾಳೆ, ಹರಿದರೆ ಮೂರು ದಿನದ ದುಡಿಮೆ ನೀರುಪಾಲು.

"ಕ್ಯಾನ್ಸರ್ ಗಡ್ಡೆ ಹರಡ್ಬೇಕಾದ್ರೆ ಸುತ್ತಲ ಅಂಗಾಂಶ ಕರಗಿಸಿ ದಾರಿ ಮಾಡ್ಕೊಳ್ಳತ್ತೆ. ಕರಗಿಸೋದು ಕಿಣ್ವ, ಅಂದ್ರೆ ಎನ್‌ಜೈಮ್. ಈ ಹಾಳೇಲಿರೋ ಜೆಲಾಟಿನ್‌ನ ಅದು ತಿಂದ ಕಡೆ ನೀಲಿ ಹತ್ತಲ್ಲ, ಬಿಳಿ ಗೆರೆ ಬೀಳತ್ತೆ."

ಕೀಮೋ ಔಷಧಿ ಕೊಟ್ಟ ಮೇಲೆ ಆ ಗೆರೆ ತೆಳುವಾಯಿತೋ ದಪ್ಪವಾಯಿತೋ ಎಂದು ನೋಡುವುದು ಇಲ್ಲಿಯ ಕೆಲಸ. ದಿನಕ್ಕೆ ನಾಲ್ಕು ಹಾಳೆ, ಹತ್ತೊಂಬತ್ತು ವರ್ಷ. ಸಂಶೋಧನಾ ಲೇಖನಗಳಲ್ಲಿ ಇವರ ಹೆಸರು ಹುಡುಕಬೇಡಿ, ಸಿಗುವುದಿಲ್ಲ. ಗುತ್ತಿಗೆ ನೌಕರಿ ಬೇರೆ; ವರ್ಷಕ್ಕೊಮ್ಮೆ ನವೀಕರಣಕ್ಕೆ ಕಾಯಬೇಕು.

ಹೋದ ವರ್ಷ ಔಷಧಿ ಕೊಟ್ಟ ಆರು ಗಡ್ಡೆಗಳಲ್ಲಿ ಗೆರೆಯೇ ಕಾಣಲಿಲ್ಲ. ಕೊಡದವುಗಳಲ್ಲಿ ಎದ್ದು ಕಾಣುತ್ತಿತ್ತು. ಲ್ಯಾಬಿನಲ್ಲಿ ಕೇಕ್ ಕತ್ತರಿಸಿದರು. ಜೆಲ್ಲಕ್ಕ ಮಾತ್ರ ಆ ಮಾದರಿಗಳನ್ನು ತಯಾರಿಸಿದ ದಿನವನ್ನು ನೆನೆಯುತ್ತಿದ್ದರು. ಬೇರೊಂದು ಪರೀಕ್ಷೆಗೆ ಗಡ್ಡೆಯ ಮಾದರಿಯನ್ನು ಕುದಿಸಲೇಬೇಕು. ಈ ಜೆಲ್ ಪರೀಕ್ಷೆಗೆ ಕುದಿಸಿದರೆ ಕಿಣ್ವವೇ ಕೆಟ್ಟು ಗೆರೆ ಬೀಳುವುದಿಲ್ಲ. ಅಂದು ಎರಡೂ ಕೆಲಸ ಒಟ್ಟಿಗೆ ಮೈಮೇಲೆ ಬಿದ್ದಿದ್ದವು. ಕುದಿಸುವ ಮುನ್ನ, ಆವಿ ಹೋಗಲೆಂದು, ಕೊಳವೆಯ ಮುಚ್ಚಳಕ್ಕೆ ಸೂಜಿ ಚುಚ್ಚುವುದು ಇವರ ರೂಢಿ. ಅನುಮಾನ ಬಂದು ಕಸದ ಡಬ್ಬಿ ಕೆದಕಿದರೆ, ಆ ಆರೂ ಮಾದರಿಗಳ ಮುಚ್ಚಳಗಳಲ್ಲಿ ತೂತು! ಕೈತಪ್ಪಿ ಅವನ್ನೂ ಕುದಿಸಿಬಿಟ್ಟಿದ್ದರು.

"ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೆ ಗಡ್ಡೆ ಹರಡಲ್ಲ ಅಂತ ನಂಬ್ಕೊಂಡು ಯಾರೋ ಆ ಔಷಧಿನ ಹಾಕಿಸ್ಕೋತಾರಲ್ಲ! 'ಕೆಲಸ ಹೋದ್ರೆ ಹೋಗ್ಲಿ, ಹೇಳ್ಬಿಡು' ಅಂದ್ರು ನಮ್ಮೆಜಮಾನ್ರು. ಲ್ಯಾಬ್ ಮುಖ್ಯಸ್ಥೆ ಹತ್ರ ಹೋಗಿ, 'ಮೇಡಂ, ಅದು ಔಷಧಿ ಮಾಡಿದ್ದಲ್ಲ, ನಾನು ಮಾಡಿದ್ದು' ಅಂದೆ."

ಮುಖ್ಯಸ್ಥೆ, "ಮತ್ತೆ ಮಾಡೋಣ" ಎಂದರಂತೆ. ಮತ್ತೆ ಮಾಡಿದಾಗ ಗೆರೆ ಮಾಯವಾಗುವುದಿರಲಿ, ನಾಲ್ಕು ಗಡ್ಡೆಗಳಲ್ಲಿ ಇನ್ನೂ ದಪ್ಪವಾಗಿತ್ತು. ಈಗ ಆ ಔಷಧಿಯ ಜೊತೆಗೆ ಕಿಣ್ವ ತಡೆಯುವ ಇನ್ನೊಂದನ್ನು ಸೇರಿಸಿ ಪರೀಕ್ಷಿಸುತ್ತಿದ್ದಾರೆ. "ಅವರು ಹೇಳದೇ ಇದ್ದಿದ್ರೆ ವರ್ಷಗಟ್ಟಲೆ ತಪ್ಪು ದಾರೀಲಿ ಹೋಗ್ತಿದ್ವಿ" ಎನ್ನುತ್ತಾರೆ ಮುಖ್ಯಸ್ಥೆ. ಗುತ್ತಿಗೆಯೂ ಮುಂದುವರಿದಿದೆ.

ನಮ್ಮ ಅತ್ತಿಗೆಗೆ ಆರು ಸಲ ಕೀಮೋ ಆಗಿದೆ. ಇಂದು ಮನೆಮಂದಿಯನ್ನೆಲ್ಲ ಗದರಿಸಿಕೊಂಡು ಚೆನ್ನಾಗಿದ್ದಾರೆ. ಅವರಿಗೆ ಕೊಟ್ಟ ಔಷಧಿಯ ಹಿಂದೆಯೂ ಇಂಥ ಎಷ್ಟು ಕೈಗಳಿದ್ದವೋ! ಆ ಕೈಗಳಿಗೆಲ್ಲ ನಾನು ಋಣಿ. ಇದನ್ನು ಹೇಳದೆ ಲೇಖನ ಮುಗಿಸಲು ಮನಸ್ಸಿಲ್ಲ.

ನಿಮ್ಮ ಆಸೆಯೇನು ಎಂದು ಕೇಳುತ್ತೇನೆ. ಜೆಲ್ಲಕ್ಕ ಕೈಗವಸು ಕಳಚುತ್ತಾ ನಗುತ್ತಾರೆ.

"ಒಂದಿನ ಆ ಗೆರೆ ನಿಜವಾಗ್ಲೂ ಮಾಯ ಆಗ್ಬೇಕು. ಮೇಡಂ ಗಾಬರಿಯಾಗಿ ಓಡಿ ಬಂದು 'ಮತ್ತೆ ಕುದಿಸಿಬಿಟ್ರಾ?' ಅಂತ ಕೇಳ್ಬೇಕು. ನಾನು 'ಇಲ್ಲ ಮೇಡಂ' ಅನ್ಬೇಕು."