ಸೆಲ್ಲಾರಿನಲ್ಲಿ ಒದರಿದ ಫೋನು

ಮೂವತ್ತು ವರ್ಷ ಹೈದರಾಬಾದಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಬಸಲಿಂಗಮ್ಮನಿಗೆ ಮೊಣಕಾಲು ಕೈಕೊಟ್ಟಾಗ, ಊರಿಗೆ ಹೋಗಿ ಕೂಡು ಎಂದವರೇ ಹೆಚ್ಚು. ಆಕೆ ಹೋಗಲಿಲ್ಲ. ಯಾದಗಿರಿ ಕಡೆಯಿಂದ ತನ್ನಂತೆಯೇ ದುಡಿಯಲು ಬಂದ ಹೆಂಗಸರ ಕೂಸುಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ಲಿಂಗಂಪಲ್ಲಿಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಸೆಲ್ಲಾರು, ಅಂದರೆ ನೆಲದಡಿಯ ಪಾರ್ಕಿಂಗ್ ಜಾಗ, ತಂಪಾಗಿತ್ತು. ಅಲ್ಲಿ ಸೀರೆಯ ಐದು ಜೋಳಿಗೆ ಕಟ್ಟಿದಳು. ತಾಯಂದಿರು ಬೆಳಿಗ್ಗೆ ಕೂಸು ಕೊಡುವಾಗ, ಸಿಮೆಂಟು ಮೆತ್ತದಿರಲೆಂದು ಫೋನನ್ನೂ ಕೊಡುತ್ತಿದ್ದರು. ಕೂಸು ಜೋಳಿಗೆಗೆ, ಫೋನು ಬುಟ್ಟಿಗೆ.

ಕೂಸು ಮಲಗಿಸುವುದರಲ್ಲಿ ಆಕೆಯದು ಎತ್ತಿದ ಕೈ. ಮಲಗಿದ್ದನ್ನು ಎಬ್ಬಿಸಿದವರನ್ನು ಮಾತ್ರ, ಮೇಸ್ತ್ರಿಯೇ ಆಗಲಿ, ಬಿಡುತ್ತಿರಲಿಲ್ಲ. ಹಾಗಿರುವಾಗ ಒಂದು ಮಧ್ಯಾಹ್ನ ಐದೂ ಫೋನು ಒಮ್ಮೆಗೇ ಸೈರನ್ನಿನ ಹಾಗೆ ಅರಚಿದವು. ಗಾಬರಿಬಿದ್ದ ಆಕೆ ಮಕ್ಕಳನ್ನೆಲ್ಲ ಉರಿಬಿಸಿಲಿಗೆ ಹೊತ್ತು ತಂದಳು. ಮೇಸ್ತ್ರಿ ಸಾಬಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

"ಆಯಿ, ಸರ್ಕಾರದೋರು ಪರೀಕ್ಷಾ ಮಾಡಾಕತ್ತಾರ. ಮುಂದ ಮಳಿ, ಹೊಳಿ ಬಂದ್ರ ಹಿಂಗ ಒದರತೈತಂತ. ಈಗ ಏನೂ ಇಲ್ಲ, ಹೋಗಿ ಮಲಗಸು."

ಮಲಗಿಸುವುದೆಲ್ಲಿ ಬಂತು? ಕೂಸುಗಳು ಸಂಜೆತನಕ ಅತ್ತವು. ಮರುದಿನ ಬಸಲಿಂಗಮ್ಮ ಕಟ್ಟಪ್ಪಣೆ ಮಾಡಿದಳು: ಫೋನು ಬಂದ್ ಮಾಡಿಯೇ ಬುಟ್ಟಿಗೆ ಹಾಕಬೇಕು.

ಆಗಸ್ಟಿನ ಒಂದು ದಿನ ಗುರುದೇವಿ ಮಾತ್ರ ಬೇಡಿಕೊಂಡಳು. ಅವಳದು ಎರಡು ತಿಂಗಳ ಹೆಣ್ಣುಕೂಸು. ಊರಿನಿಂದ ಬರುತ್ತಿದ್ದ ಗಂಡ ಸ್ಟೇಷನ್ನಿನಲ್ಲಿ ಇಳಿದು ಫೋನು ಮಾಡುವವನಿದ್ದ. "ಇವತ್ತೊಂದಿನ ಚಾಲೂ ಇರ್ಲಿ, ಆಯಿ." ಬಸಲಿಂಗಮ್ಮ ಗೊಣಗುತ್ತಲೇ ಅದನ್ನು ಕೌದಿಯಲ್ಲಿ ಸುತ್ತಿ ಬುಟ್ಟಿಯ ತಳಕ್ಕೆ ತುರುಕಿದಳು.

ಊಟದ ಹೊತ್ತು ಕಳೆದ ಮೇಲೆ, ಕೌದಿಯೊಳಗಿಂದ ಅದೇ ಅರಚಾಟ. ಹೊರಗೆ ನೋಡಿದರೆ ಬರೀ ಜಿನುಗು ಮಳೆ. ಫೋನಿನ ಮೇಲೆ ಏನೋ ಬರೆದಿತ್ತು, ಆಕೆಗೆ ಯಾವ ಅಕ್ಷರವೂ ಬಾರದು. ಮತ್ತೆ ಎಲ್ಲರೆದುರು ನಗೆಪಾಟಲಾಗಬೇಕೆ? ಅಷ್ಟರಲ್ಲಿ ಒಂದು ಕೂಸು ಎಚ್ಚೆತ್ತು ಅವಳತ್ತ ಕೈ ಚಾಚಿತು.

"ನಕ್ಕರ ನಗಲಿ" ಎಂದು ಫೋನು ಕುಪ್ಪಸದೊಳಗೆ ಸಿಕ್ಕಿಸಿ, ಎರಡು ಕೂಸು ಎತ್ತಿ ಇಳಿಜಾರು ಹತ್ತಿದಳು. ಮೇಲೆ ಕಾಂಕ್ರೀಟ್ ಮಷೀನಿನ ಸದ್ದಿಗೆ ಆಕೆಯ ಕೂಗು ಯಾರ ಕಿವಿಗೂ ಬೀಳಲಿಲ್ಲ. ತಗಡಿನ ಮಾಡಿನ ಕೆಳಗೆ ಅವನ್ನು ಮಲಗಿಸಿ, ಇನ್ನೆರಡನ್ನು ತಂದಳು. ಕೊನೆಯ ಕೂಸಿಗಾಗಿ ಇಳಿಯುವಾಗ ಪಕ್ಕದ ನಾಲೆಯ ಗೋಡೆ ಒಡೆದು ಕೆಂಪು ನೀರು ಸೆಲ್ಲಾರಿಗೆ ನುಗ್ಗಿತು. ಒಳಗಿನ ಕಡೆಯ ಜೋಳಿಗೆಯಲ್ಲಿ ಗುರುದೇವಿಯ ಕೂಸಿತ್ತು. ಕೈಕೊಟ್ಟ ಮೊಣಕಾಲಿಗೆ ಅಂದು ಎಲ್ಲಿಯ ಬಲ ಬಂತೋ, ಅಲ್ಲಿಗೆ ಮುಟ್ಟುವಷ್ಟರಲ್ಲಿ ನೀರು ಸೊಂಟಕ್ಕೆ ಬಂದಿತ್ತು. ಜೋಳಿಗೆಯ ತಳ ಒದ್ದೆಯಾಗಿತ್ತು. ಕೂಸು ನಿದ್ದೆಯಲ್ಲಿತ್ತು.

ಅರ್ಧ ಗಂಟೆಯಲ್ಲಿ ಸೆಲ್ಲಾರು ತುಂಬಿಹೋಯಿತು. ತಾಯಂದಿರು ಕೂಸುಗಳನ್ನು ಎದೆಗವಚಿಕೊಂಡು ಅಳುತ್ತಿದ್ದರು. ಸಾಬಣ್ಣ ತಲೆ ಎತ್ತಲಿಲ್ಲ.

"ನಂದೂ ಒದರಿತ್ತು, ಆಯಿ. ಇದೂ ಪರೀಕ್ಷಾ ಅಂತ ಅದರ ಬಾಯಿ ಮುಚ್ಚಿಸಿದೆ."

ಬೀದರ ಕಡೆಯ ಇಂಜಿನಿಯರ್ ವೈಜನಾಥ ಫೋನು ಇಸಿದುಕೊಂಡು ಓದಿ ಹೇಳಿದ: ಮೇಲಿನ ಕೆರೆ ತುಂಬಿ ಹರಿಯುತ್ತಿದೆ, ತಗ್ಗಿನ ಜಾಗ ಬಿಟ್ಟು ಹೊರಡಿ.

"ನಾವು ಇಲ್ಲಿದ್ದದ್ದು ಸರ್ಕಾರದೋರಿಗೆ ಹ್ಯಾಂಗ ತಿಳೀತ್ರಿ, ಸಾಹೇಬ್ರ?" ಬಸಲಿಂಗಮ್ಮ ಕೇಳಿದಳು.

"ಅವ್ರಿಗೆ ತಿಳಿಯೋದು ಬ್ಯಾಡ, ಅವ್ವ. ಈ ಟವರಿನ ಸುತ್ತ ಇರೋ ಎಲ್ಲಾ ಫೋನಿಗೂ ಒಮ್ಮೆಲೇ ಬರತೈತಿ."

"ಹೆಸರು ಬರಸಬೇಕಾಗಿಲ್ಲೇನ್ರಿ?"

"ಇಲ್ಲ."

"ಕಾರ್ಡು?"

"ಏನೂ ಬ್ಯಾಡ."

ಬಸಲಿಂಗಮ್ಮ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಈ ಪಟ್ಟಣದಲ್ಲಿ ರೇಷನ್ ಅಂಗಡಿಯಿಂದ ದವಾಖಾನೆಯತನಕ ಆಕೆ ಕೇಳಿದ್ದು ಒಂದೇ ಮಾತು: ನಿನ್ನ ಹೆಸರು ನಮ್ಮ ಪಟ್ಟಿಯಲ್ಲಿಲ್ಲ. ಇಂದು ಯಾವುದೋ ಕಚೇರಿಯಲ್ಲಿ ಕುಳಿತ ಯಾರೋ, ಯಾರು ಏನು ಎಂದು ಕೇಳದೆಯೇ, ಸೆಲ್ಲಾರಿನ ಕತ್ತಲೆಗೂ ಕೂಗಿ ಹೇಳಿದ್ದರು. ಆಕೆ ಮೊಬೈಲ್ ಟವರಿನತ್ತ ನೋಡಿ ಕೈಮುಗಿದಳು. ಯಾರೂ ನಗಲಿಲ್ಲ.

ವಾರದ ಮೇಲೆ ಕೆಲಸ ಮತ್ತೆ ಶುರುವಾಯಿತು. ಜೋಳಿಗೆಗಳನ್ನು ಈಗ ಮೊದಲ ಮಹಡಿಯಲ್ಲಿ ಕಟ್ಟಿದ್ದಳು. ಗುರುದೇವಿ ರೂಢಿಯಂತೆ ಫೋನು ಬಂದ್ ಮಾಡಿ ಕೂಸಿನೊಡನೆ ಚಾಚಿದಳು. ಬಸಲಿಂಗಮ್ಮ ಕೂಸು ತೆಗೆದುಕೊಳ್ಳಲಿಲ್ಲ.

"ಮೊದ್ಲು ಅದನ್ನ ಚಾಲೂ ಮಾಡು."

"ಒದರಿದ್ರ ಕೂಸು ಏಳತೈತಿ, ಆಯಿ."

"ಎದ್ದರ ಮತ್ತ ಮಲಗಸ್ತೀನಿ" ಎಂದಳು ಬಸಲಿಂಗಮ್ಮ.