ಅಣ್ಣನಿಗೆ ಕೊಡದ ಬೋಣಿಗೆ

ಮೊನ್ನೆ ಸೊಸೆ ಜೋಳ ಹರವಲೆಂದು ಹೊಸ ಗೋಣಿಚೀಲವೊಂದನ್ನು ಬಿಚ್ಚಿ ಅಂಗಳದಲ್ಲಿ ಹಾಸಿದಳು. ಸೆಣಬಿನ ಎಣ್ಣೆವಾಸನೆ ಮೂಗಿಗೆ ಬಡಿಯಿತು... ಅದು ನನ್ನ ಅಣ್ಣನ ಬೆನ್ನಿನ ವಾಸನೆ. ಚಿಕ್ಕವನಿದ್ದಾಗ ಆ ಬೆನ್ನೇರಿ ಕೆಂಭಾವಿ ಸಂತೆಯೆಲ್ಲ ತಿರುಗಿದವನು ನಾನು. ಒಳಗೆ ಹೋಗಿ ಸುಮ್ಮನೆ ಮಲಗಿಬಿಟ್ಟೆ.

ಅಣ್ಣ ಶಹಾಪುರದ ಕಾಳಿನ ಪೇಟೆಯಲ್ಲಿ ಹಮಾಲರ ಟೋಳಿಗೆ ಮುಕಾದಮನಾಗಿದ್ದ. ಲಾರಿಗೆ ಚೀಲ ತುಂಬುವ ಹತ್ತು ಜನರ ಗುಂಪಿಗೆ ಅವನೇ ಮುಂದಾಳು. ಬೇರೆ ಮುಕಾದಮರ ಬಾಯಲ್ಲಿ ಬೈಗುಳವೇ ಹೆಚ್ಚು. ಅಣ್ಣನ ರೀತಿ ಬೇರೆ. ಮನೆಯ ಜಗಳವೋ, ಸಾವೋ, ಏನೋ ಒಂದರಿಂದ ಯಾರಾದರೂ ಕೈ ಸೋತು ಬಂದರೆ, ಆ ದಿನದ ಮೊದಲ ಚೀಲವನ್ನು ಅವನ ಬೆನ್ನಿಗೇ ಕೊಡುತ್ತಿದ್ದ. ಅಂಗಡಿಯವರು ಮೊದಲ ವ್ಯಾಪಾರಕ್ಕೆ ಬೋಣಿಗೆ ಅನ್ನುತ್ತಾರಲ್ಲ, ನಾವು ಆ ಚೀಲಕ್ಕೆ ಹಾಗೆನ್ನುತ್ತಿದ್ದೆವು.

"ಏನಲೇ ಅಳಿಯ, ಮಾರಿ ಸಣ್ಣ ಮಾಡ್ಕೊಂಡು ನಿಂತಿ? ಹೇಂತಿ ರೊಟ್ಟಿ ಕೊಟ್ಟಿಲ್ಲೇನು? ಬಾ, ಇವತ್ತಿನ ಬೋಣಿಗಿ ನಿಂದು!" ಎಂದು ಅಣ್ಣ ಕೂಗುತ್ತಿದ್ದ.

ಎಲ್ಲರೂ ಸೇರಿ ಚೀಲವನ್ನು ಅವನ ಬೆನ್ನಿಗೆ ಏರಿಸುವರು. ಅವನು ಹಲಗೆ ಹತ್ತಿ ಲಾರಿ ಮುಟ್ಟುವವರೆಗೆ ಉಳಿದವರು ಇನ್ನೊಂದು ಚೀಲಕ್ಕೆ ಕೈ ಹಚ್ಚುವಂತಿರಲಿಲ್ಲ. ನಿಂತು "ಭಲೇ, ಭಲೇ" ಅನ್ನಬೇಕು. ಇಳಿದು ಬರುವಾಗ ಆ ಮನುಷ್ಯನ ನಡಿಗೆಯೇ ಬದಲಾಗಿರುತ್ತಿತ್ತು.

ಒಂದು ಮಳೆಗಾಲದಲ್ಲಿ ಅಣ್ಣನಿಗೆ ಟೈಫಾಯ್ಡ್ ಬಂತು. ಬಹಳ ದಿನ ಹಾಸಿಗೆ ಹಿಡಿದ. ಅಡತಿ ಅಂಗಡಿಯ ಸಾಹುಕಾರರು ಟೋಳಿಯನ್ನು, ಅದರಲ್ಲೇ ಚೀಲ ಹೊರುತ್ತಿದ್ದ ನನ್ನ ಕೈಗೆ ಕೊಟ್ಟರು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನ್ನನ್ನು ಪೇಟೆಯಲ್ಲಿ ಜನ "ಮುಕಾದಮ್ರ" ಎಂದು ಕರೆಯತೊಡಗಿದರು... ಅದು ನನಗೆ ಬಹಳ ರುಚಿಸಿತು.

ಅಣ್ಣ ತಿರುಗಿ ಬಂದಾಗ ಮೈ ಸುಧಾರಿಸಿತ್ತು. ಚೀಲ ಹೊರಬಹುದು ಎಂದು ಡಾಕ್ಟರರೂ ಹೇಳಿದ್ದರು. ಧೈರ್ಯ ಮಾತ್ರ ಬಂದಿರಲಿಲ್ಲ. ಲಾರಿಯ ಹಲಗೆಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ನನ್ನ ಕಡೆ ನೋಡಿದ. ಬಾಯಿಬಿಟ್ಟು ಕೇಳಲಿಲ್ಲ. ಬೋಣಿಗೆ ಕೇಳಿ ಪಡೆಯುವಂಥದ್ದಲ್ಲ.

ಟೋಳಿಯಲ್ಲಿ ಎಲ್ಲರಿಗಿಂತ ಹಿರಿಯರಾದ ಚಾಚಾ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು, "ಅವಂಗ ಕೊಡೋ ಬೇಟಾ. ಎಷ್ಟ್ ಮಂದೀನ ಎಬ್ಬಿಸ್ಯಾನ ಅಂವ."

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ, "ಬ್ಯಾಡಣ್ಣ, ನೀ ನೆಳ್ಳಾಗ ಕುಂದ್ರು. ಚೆಲ್ಲಿದ ಕಾಳು ಬಳಿ, ಸಾಕು."

ಕಾಳು ಬಳಿಯುವುದು ನಮ್ಮ ಪೇಟೆಯಲ್ಲಿ ಮುದುಕಿಯರ ಕೆಲಸ. ಹಿಂದೆ ಯಾರೋ ಕಿಸಕ್ಕೆಂದರು. ಅಣ್ಣನೂ ನಕ್ಕ. "ಆಗ್ಲಿರಿ ಮುಕಾದಮ್ರ," ಅಂದ. ಬೆನ್ನ ಮೇಲೆ ಹೊತ್ತು ಬೆಳೆಸಿದ ತಮ್ಮನಿಗೆ 'ರಿ' ಹಚ್ಚಿದ.

ಅವನ ಮೈಗಾಗಿ ಹಾಗೆ ಹೇಳಿದೆನೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಒಂದು ಚೀಲ ಹೊತ್ತು ಅವನು ಎದ್ದು ನಿಂತರೆ ಟೋಳಿ ಮತ್ತೆ ಅವನ ಹಿಂದೆ ಹೋಗುತ್ತದೆಂದು ಅಂಜಿದ್ದೆ.

ಕೆಲವು ದಿನ ಅಣ್ಣ ಕಸಬರಿಗೆ ಹಿಡಿದು ಕಾಳು ಬಳಿದ. ಅವನ ಕಣ್ಣೆದುರೇ ನಾನು ಬೇರೆಯವರಿಗೆ ಬೋಣಿಗೆ ಕೊಟ್ಟೆ. ಆಮೇಲೆ ಅವನು ಪೇಟೆಗೆ ಬರುವುದನ್ನೇ ಬಿಟ್ಟ. ನಾನು ಅವನ ಮನೆಗೆ ಹೋದಾಗ ಗೋಡೆಗೆ ಆತು ಕುಳಿತಿದ್ದ.

"ಯಾಕಣ್ಣ, ಬರಾಂಗಿಲ್ಲೇನು?"

"ಮುಕಾದಮ್ರು ಕುಂದ್ರು ಅಂದ್ರು. ಕುಂತೀನ್ರಿ."

ನಾಳೆಯ ಬೋಣಿಗೆ ನಿನ್ನದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು... ಚಹಾ ಕುಡಿದು ಎದ್ದು ಬಂದೆ. ಅಣ್ಣ ಉಣ್ಣುವುದು ಕಡಿಮೆ ಮಾಡಿದ. ಜ್ವರ ಮರುಕಳಿಸಿತು. ಆ ಚಳಿಗಾಲ ದಾಟಲಿಲ್ಲ.

ಈಗ ಟೋಳಿ ಬೇರೆಯವರ ಕೈಯಲ್ಲಿದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಹಬ್ಬಕ್ಕೊಮ್ಮೆ ನನ್ನನ್ನು ಊಟಕ್ಕೆ ಕರೆಯುತ್ತಾಳೆ. ಈ ಸಲ ಬೀಗರೂ ಬಂದಿದ್ದರು. ನನ್ನ ತಾಟಿಗೆ ತುಪ್ಪ ಬಡಿಸುತ್ತ ವೈನಿ ಅವರಿಗೆ ಹೇಳಿದಳು, "ನಮ್ಮ ಮೈದುನ ಭಾಳ ಛಲೋ ಮನಷ್ಯಾರಿ. ಜಡ್ಡಿನಿಂದ ಎದ್ದ ಮ್ಯಾಲ ನಮ್ಮ ಮನಿಯವರಿಗೆ ಒಂದ್ ಚೀಲಾನೂ ಹೊರಾಕ ಬಿಡ್ಲಿಲ್ಲ. ಹೂವಿನಂಗ ನೋಡ್ಕೊಂಡಾನ."

ಬೀಗರು ನನ್ನ ಕಡೆ ನೋಡಿ ತಲೆದೂಗಿದರು. ನಾನು ತಲೆ ಎತ್ತದೆ ಊಟ ಮಾಡಿದೆ.